ಫ್ಯಾರನ್‌ಹೀಟ್ ಸೆಲ್ಸಿಯಸ್ ಲೆಕ್ಕ, ಕ್ಯಾಲ್ಕುಲೇಟರ್ ಇಲ್ದೆ

ನಮ್ಮಲ್ಲಿ ಹವಾಮಾನಕ್ಕೊಂದು ಅಳತೆ, ಜ್ವರಕ್ಕೊಂದು ಅಳತೆ. ಹಾಸನದಲ್ಲಿ ಇವತ್ತು 28 ಅಂತ ಮೊಬೈಲ್ ತೋರಿಸಿದ್ರೆ ಅದು ಸೆಲ್ಸಿಯಸ್, ಮಗೂಗೆ 102 ಜ್ವರ ಅಂತ ಅಜ್ಜಿ ಗಾಬರಿಯಾದ್ರೆ ಅದು ಫ್ಯಾರನ್‌ಹೀಟ್. ಇಷ್ಟು ದಿನ ಎರಡೂ ಅವುಗಳ ಪಾಡಿಗಿದ್ವು, ಈಗ ಮನೇಲೇ ಕಾಫಿ ಬೀಜ ಹುರಿಯೋರು, ಓಟಿಜಿ ಅನ್ನೋ ಪುಟ್ಟ ಓವನ್‌ಲಿ ಕೇಕ್ ಮಾಡೋರು ಅಮೆರಿಕದೋರ ವಿಡಿಯೋ ನೋಡಿ 400 ಡಿಗ್ರಿಗಿಡಿ ಅಂದ್ರೆ ಇಡೋಕೆ ಹೋಗ್ತಾರೆ, ನಾಬ್ ನೋಡಿದ್ರೆ 250ರ ಹತ್ರಾನೇ ಮುಗಿದಿರುತ್ತೆ. ಅವರ 400 ಫ್ಯಾರನ್‌ಹೀಟ್, ನಮ್ಮ ನಾಬ್ ಸೆಲ್ಸಿಯಸ್.

ಎರಡಕ್ಕೂ ವ್ಯತ್ಯಾಸ ಎರಡು ಕಡೆ ಇದೆ, ಅದು ಗೊತ್ತಾದ್ರೆ ಸೂತ್ರ ಬಾಯಿಪಾಠ ಬೇಕಿಲ್ಲ. ಒಂದು, ಶುರುವಾಗೋ ಜಾಗ: ನೀರು ಹೆಪ್ಪುಗಟ್ಟೋದು ಸೆಲ್ಸಿಯಸ್‌ನಲ್ಲಿ 0, ಫ್ಯಾರನ್‌ಹೀಟ್‌ನಲ್ಲಿ 32. ಇನ್ನೊಂದು ಮೆಟ್ಟಿಲಿನ ಎತ್ತರ: ಅಲ್ಲಿಂದ ಕುದಿಯೋವರೆಗೆ ಸೆಲ್ಸಿಯಸ್‌ನಲ್ಲಿ 100 ಮೆಟ್ಟಿಲು, ಫ್ಯಾರನ್‌ಹೀಟ್‌ನಲ್ಲಿ 180. ಅಂದ್ರೆ ಒಂದಕ್ಕೆ 1.8. (ಕುದಿಯೋದು ಸಮುದ್ರಮಟ್ಟದ ಲೆಕ್ಕ. ಚಿಕ್ಕಮಗಳೂರು ಸಾವಿರ ಮೀಟರ್ ದಾಟಿರೋದ್ರಿಂದ ಇಲ್ಲಿ ನೀರು 96-97ಕ್ಕೇ ಕುದಿಯುತ್ತೆ, ಡಿಕಾಕ್ಷನ್‌ಗೆ ಅಷ್ಟು ಧಾರಾಳ ಸಾಕು.)

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ: ಡಬಲ್ ಮಾಡಿ, ಬಂದಿದ್ರಲ್ಲಿ ಹತ್ತನೇ ಒಂದು ಭಾಗ ಕಳೀರಿ, 32 ಕೂಡಿಸಿ. 28 ಡಬಲ್ 56, ಅದ್ರಲ್ಲಿ 5.6 ಹೋದ್ರೆ 50.4, ಕೂಡಿಸಿದ್ರೆ 82.4. ಇದು ಅಂದಾಜಲ್ಲ, ಕರೆಕ್ಟ್ ಉತ್ತರಾನೇ.

ವಾಪಸ್ ಬರೋವಾಗ ಮೊದಲು 32 ಕಳೀಬೇಕು, ಆಮೇಲೆ ಅರ್ಧ ಮಾಡಿ, ಆ ಅರ್ಧದ ಹತ್ತನೇ ಒಂದು ಭಾಗ ಸೇರಿಸಿ, ಇನ್ನೂ ನಿಖರವಾಗಿ ಬೇಕಂದ್ರೆ ನೂರನೇ ಒಂದು ಭಾಗಾನೂ ಸೇರಿಸಿ. 400ರಲ್ಲಿ 32 ಹೋದ್ರೆ 368, ಅರ್ಧ 184, ಜೊತೆಗೆ 18.4, ಮತ್ತೆ 1.84, ಒಟ್ಟು 204 ಚಿಲ್ಲರೆ. ಓಟಿಜಿನ 200-205ಕ್ಕಿಡಿ, ಸಾಕು. ಅಜ್ಜಿ ಹೇಳಿದ 102 ಇದೇ ಥರ ಸುಮಾರು 38.9 ಆಗುತ್ತೆ. 32ನ್ನ ಕೊನೇಲಿ ಕಳೆದ್ರೆ ಮಾತ್ರ 24.7 ಬಂದು, ಜ್ವರದ ಮಗು ಹಾಸನದ ಗಾಳಿಗಿಂತ ತಣ್ಣಗಿದೆ ಅಂತ ಆಗುತ್ತೆ!

ಲೆಕ್ಕದ ಕ್ರಮ ಸರಿ ಇದ್ಯಾ ಅಂತ ಅನುಮಾನ ಬಂದ್ರೆ ಮೈನಸ್ 40 ಹಾಕಿ ನೋಡಿ, ಎರಡು ಕಡೇನೂ ಮೈನಸ್ 40ನೇ ಬರಬೇಕು.

ಜಾಸ್ತಿ ಜನ ಎಡವೋದು ವ್ಯತ್ಯಾಸದ ಲೆಕ್ಕದಲ್ಲಿ. ಸಾವಿರ ಮೀಟರ್ ಮೇಲೇರಿದ್ರೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತೆ. ಚಿಕ್ಕಮಗಳೂರು ಪೇಟೆಯಿಂದ 1,930 ಮೀಟರ್‌ನ ಮುಳ್ಳಯ್ಯನಗಿರಿ ತುದೀಗೆ 800 ಮೀಟರ್ ಮೇಲೇ ಆಗುತ್ತೆ, ಹಾಗಾಗಿ ಒಂದು 5 ಡಿಗ್ರಿ ತಂಪು ಅನ್ಕೊಳ್ಳಿ. ಫ್ಯಾರನ್‌ಹೀಟ್‌ನಲ್ಲಿ ಎಷ್ಟು? 41 ಅಲ್ಲ, ಬರೀ 9. ಇಲ್ಲಿ ಎಷ್ಟು ಮೆಟ್ಟಿಲು ಇಳಿದ್ವಿ ಅನ್ನೋದಷ್ಟೇ ಪ್ರಶ್ನೆ, ಎಲ್ಲಿಂದ ಶುರು ಅನ್ನೋದಲ್ಲ, ಅದಕ್ಕೇ 32ಕ್ಕೆ ಇಲ್ಲಿ ಕೆಲಸ ಇಲ್ಲ. ಜ್ವರ 102ರಿಂದ 100ಕ್ಕೆ ಇಳಿದ್ರೂ ಅಷ್ಟೇ, ಸೆಲ್ಸಿಯಸ್‌ನಲ್ಲಿ ಇಳಿದಿದ್ದು 1.1.

ವಿಜ್ಞಾನದಲ್ಲಿ ಬಳಸೋ ಇನ್ನೊಂದು ಅಳತೆ ಕೆಲ್ವಿನ್, ಇದ್ರಲ್ಲಿ ಲೆಕ್ಕ ಸುಲಭ. ಸೆಲ್ಸಿಯಸ್‌ಗೆ 273.15 ಕೂಡಿಸಿ, ಮುಗೀತು, ಮೆಟ್ಟಿಲು ಎರಡರದ್ದೂ ಒಂದೇ ಎತ್ತರ. ಪಿಯುಸಿ ಮಕ್ಕಳನ್ನ ಬಿಟ್ರೆ ನಮಗೆ ಇದು ಕಣ್ಣಿಗೆ ಬೀಳೋದು ಎಲ್‌ಇಡಿ ಬಲ್ಬ್ ಡಬ್ಬದ ಮೇಲೆ, 6500 ಕೆಲ್ವಿನ್ ಅಂತ. ಅದನ್ನ ಸೆಲ್ಸಿಯಸ್ ಮಾಡಿ ಹೆದರಬೇಡಿ, ಅದು ಬೆಳಕಿನ ಬಣ್ಣದ ಗುರುತು, ಬಲ್ಬಿನ ಬಿಸಿ ಅಲ್ಲ. ಹಳದಿ ಬೆಳಕು ಬೇಕಂದ್ರೆ 2700 ಅಂತ ಇರೋದು ಕೇಳಿ ತಗೊಳ್ಳಿ.