27 ರೂಪಾಯಿ 14 ಪೈಸೆ ಎಲ್ಲಿ ಹೋಯಿತು? ಬನಹಟ್ಟಿಯಲ್ಲಿ ಪಾಸ್‌ಬುಕ್ ಓದಿದ ಅನುಭವ

ಬನಹಟ್ಟಿಯಲ್ಲಿ ಒಂದು ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಕೆಲಸ ನನ್ನದು. ಸಂಘದ ಪುಸ್ತಕ ಮುಚ್ಚುವಷ್ಟರಲ್ಲಿ ಸದಸ್ಯರ ಸ್ವಂತ ಪಾಸ್‌ಬುಕ್ಕುಗಳು ಚೀಲದಿಂದ ಹೊರಗೆ ಬರುತ್ತವೆ. ‘ಅಕ್ಕಾರ, ಇದೊಂದೀಟು ನೋಡ್ರಿ, ರೊಕ್ಕ ಕಡಿಮಿ ಬಿದ್ದೈತಿ’ ಎನ್ನುತ್ತಾರೆ. ಹೆಚ್ಚಿನವರು ಮಗ್ಗದ ಮನೆಯವರು. ವಾರದ ಮಜೂರಿ, ಗೃಹಲಕ್ಷ್ಮಿಯ 2,000 ರೂಪಾಯಿ, ಒಬ್ಬಿಬ್ಬರಿಗೆ ಪಿಂಚಣಿ. ಇಷ್ಟರಲ್ಲೇ ಸಂಸಾರ ನಡೆಯಬೇಕು. ಅದರಲ್ಲಿ 150 ರೂಪಾಯಿ ಹೇಳದೆ ಕೇಳದೆ ಹೋದರೆ ಅದು ಸಣ್ಣ ಮಾತಲ್ಲ.

ಶುಲ್ಕ ಜಾಸ್ತಿ ಆದಾಗ ಜನ ಜಗಳ ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದಂತೆ ಬಹಳ ಜನ ಸುಮ್ಮನಾಗುತ್ತಾರೆ. ಕೆಲವರು ಹಣ ಜಮಾ ಆದ ದಿನವೇ ಪೂರ್ತಿ ತೆಗೆದು ಜೋಳದ ಡಬ್ಬಿಯಲ್ಲಿ ಇಡುತ್ತಾರೆ. ಕೆಲವರು ಆ ಖಾತೆಯ ಕಡೆ ತಿರುಗಿಯೂ ನೋಡದೆ ಬೇರೆ ಬ್ಯಾಂಕಿಗೆ ಹೋಗಿ ಹೊಸ ಖಾತೆ ತೆಗೆಯುತ್ತಾರೆ. ಇನ್ನು ಕೆಲವರು ಓಣಿಯ ಪಿಗ್ಮಿ ಏಜೆಂಟರ ಕೈಗೆ ಕೊಟ್ಟು ನಿಶ್ಚಿಂತರಾಗುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದರಲ್ಲಿ ಯಾವುದರಿಂದಲೂ ಹೋದ ಹಣ ವಾಪಸ್ ಬರುವುದಿಲ್ಲ, ಮುಂದಿನ ಕಡಿತವೂ ನಿಲ್ಲುವುದಿಲ್ಲ. ನಮ್ಮ ಸಂಘದಲ್ಲಿ ನಾವು ಹಿಡಿದ ದಾರಿ ಇದು: ಪ್ರತಿ ಕಡಿತ ಯಾವುದಕ್ಕೆ ಅಂತ ಪತ್ತೆ ಮಾಡುತ್ತೇವೆ, ಸರಿಯಾದದ್ದನ್ನು ಒಪ್ಪುತ್ತೇವೆ, ಸರಿಯಲ್ಲದ್ದನ್ನು ಕಾಗದದ ಮೇಲೆ ಕೇಳುತ್ತೇವೆ.

ಪತ್ತೆ ಮಾಡುವುದು ಅಂದರೆ ಪೈಸೆ ನೋಡುವುದು. ಪಾಸ್‌ಬುಕ್ಕಿನಲ್ಲಿ ಕಡಿತದ ಮುಂದೆ ನಾಲ್ಕೈದು ಇಂಗ್ಲಿಷ್ ಅಕ್ಷರ ಇರುತ್ತವೆ, ಅರ್ಧ ಮಸಿ ಹಾರಿರುತ್ತದೆ. ಅಂಕಿ ಮಾತ್ರ ಸ್ಪಷ್ಟವಾಗಿರುತ್ತದೆ. ಬ್ಯಾಂಕಿನ ಸೇವಾ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ಹಾಗಾಗಿ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಆ ಅಂಕಿಯನ್ನು 1.18ರಿಂದ ಭಾಗಿಸಬೇಕು. ಸರಿಯಾದ ಇಡೀ ರೂಪಾಯಿ ಬಂದರೆ ಅದು ಬ್ಯಾಂಕಿನ ಶುಲ್ಕ ಅಂತ ಹೆಚ್ಚುಕಡಿಮೆ ಗಟ್ಟಿ. 17.70 ಇದ್ದರೆ 15 ರೂಪಾಯಿ, ಅದು ಸಾಮಾನ್ಯವಾಗಿ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ. 147.50 ಇದ್ದರೆ 125 ರೂಪಾಯಿ, ನಾನು ನೋಡಿದ ಪಾಸ್‌ಬುಕ್ಕುಗಳಲ್ಲಿ ಅದು ಎಟಿಎಂ ಕಾರ್ಡಿನ ವರ್ಷದ ಶುಲ್ಕ. 295 ಇದ್ದರೆ 250, ಅದು ಕಂತು ಕಟ್ ಆಗದೆ ವಾಪಸ್ ಹೋದದ್ದಕ್ಕೆ ಹಾಕಿದ ದಂಡ. ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆ ಇರುತ್ತದೆ, ಆದರೆ ಭಾಗಿಸುವ ಲೆಕ್ಕ ಎಲ್ಲ ಕಡೆ ಒಂದೇ.

27.14 ಅಂತ ಪಾಸ್‌ಬುಕ್ಕಿನಲ್ಲಿ ಸಾಲಾಗಿ ಬಂದಿರುವುದನ್ನು ನಾನು ಮೊದಲು ನೋಡಿದ್ದು ಒಬ್ಬ ಅಜ್ಜಿಯ ಖಾತೆಯಲ್ಲಿ. ಭಾಗಿಸಿದರೆ 23. ಉಚಿತ ಲೆಕ್ಕ ಮೀರಿ ಎಟಿಎಂ ಬಳಸಿದರೆ ಒಂದು ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಮೇ 1ರಿಂದ ಇದು ಜಾರಿಯಲ್ಲಿದೆ. ಅದಕ್ಕೂ ಮೊದಲು 21 ಇತ್ತು, ಜಿಎಸ್‌ಟಿ ಸೇರಿ 24.78. ಅಜ್ಜಿ ತಿಂಗಳಿಗೆ ಹಣ ತೆಗೆಯುವುದು ಒಂದೋ ಎರಡೋ ಸಲ. ಮತ್ತೆ ಇಷ್ಟೊಂದು ಕಡಿತ ಯಾಕೆ?

ಕೂತು ಮಾತಾಡಿದಾಗ ವಿಷಯ ಹೊರಗೆ ಬಂತು. ಗೃಹಲಕ್ಷ್ಮಿ ಹಣ ಯಾವ ದಿನ ಬೀಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಓಣಿಯಲ್ಲಿ ಒಬ್ಬರಿಗೆ ಬಂತು ಅಂತ ಸುದ್ದಿ ಹಬ್ಬಿದರೆ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಹತ್ತಿರದ ಎಟಿಎಂಗೆ ಹೋಗುತ್ತಿದ್ದರು. ‘ಬಂದೈತೇನ ನೋಡಪಾ’ ಅಂತ ಬ್ಯಾಲೆನ್ಸ್ ನೋಡಿಸುತ್ತಿದ್ದರು. ಮರುದಿನ ಮತ್ತೆ. ಆ ಎಟಿಎಂ ಅವರ ಬ್ಯಾಂಕಿನದಲ್ಲ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ನಮ್ಮಂಥ ಊರುಗಳಲ್ಲಿ ತಿಂಗಳಿಗೆ 5 ಸಲ ಉಚಿತ, ಬೆಂಗಳೂರಿನಂಥ ಮಹಾನಗರದಲ್ಲಿ 3. ಬ್ಯಾಲೆನ್ಸ್ ನೋಡಿದ್ದೂ ಆ ಐದರಲ್ಲಿ ಒಂದು. ಹಣ ಬರುವಷ್ಟರಲ್ಲಿ ಐದೂ ಮುಗಿದು, ತೆಗೆಯುವಾಗ ಶುಲ್ಕ ಬೀಳುತ್ತಿತ್ತು. ಅವರದೇ ಬ್ಯಾಂಕಿನ ಎಟಿಎಂ ಆಗಿದ್ದರೆ ಬ್ಯಾಲೆನ್ಸ್ ನೋಡಿದ್ದನ್ನು ಉಚಿತ ಲೆಕ್ಕದಲ್ಲಿ ಹಿಡಿಯುವಂತಿಲ್ಲ. ಮಷೀನು ಕೆಟ್ಟು ಅಥವಾ ಒಳಗೆ ಹಣ ಇಲ್ಲದೆ ಬರಿಗೈಲಿ ವಾಪಸ್ ಬಂದದ್ದನ್ನೂ ಎಣಿಸುವಂತಿಲ್ಲ. ಇದನ್ನು ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲೇ ಸ್ಪಷ್ಟ ಮಾಡಿದೆ.

ಇದಕ್ಕೆ ಅರ್ಜಿ ಬೇಕಾಗಲಿಲ್ಲ. ಅಜ್ಜಿಯ ಬ್ಯಾಂಕಿನ ಮಿಸ್ಡ್ ಕಾಲ್ ನಂಬರನ್ನು ಮೊಮ್ಮಗನ ಮೊಬೈಲಿನಲ್ಲಿ ಸೇವ್ ಮಾಡಿದೆವು. ಖಾತೆಗೆ ಜೋಡಿಸಿದ ನಂಬರಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜಿನಲ್ಲಿ ಬರುತ್ತದೆ. ಮುಂದಿನ ತಿಂಗಳಿನಿಂದ 27.14 ಕಾಣಲಿಲ್ಲ. ನನಗೆ ಇದರಲ್ಲಿ ಬೇಜಾರಾಗುವುದು ಒಂದೇ: ಆ ಎಟಿಎಂ ಪರದೆಯ ಮೇಲೆ ಜಾಹೀರಾತು ಬರುತ್ತದೆ, ‘ಈ ಸಲ ನೋಡಿದರೆ ನಿಮ್ಮ ಉಚಿತ ಸರದಿ ಒಂದು ಕಡಿಮೆಯಾಗುತ್ತದೆ’ ಅಂತ ಕನ್ನಡದಲ್ಲಿ ಒಂದು ಸಾಲು ಬರುವುದಿಲ್ಲ.

ಕಷ್ಟ ಕೊಟ್ಟದ್ದು ಕನಿಷ್ಠ ಬ್ಯಾಲೆನ್ಸಿನ ದಂಡ, ಅಂದರೆ ಖಾತೆಯಲ್ಲಿ ಇಷ್ಟಾದರೂ ಇರಬೇಕು ಅಂತ ಬ್ಯಾಂಕು ಇಟ್ಟ ಮೊತ್ತಕ್ಕಿಂತ ಕಡಿಮೆಯಾದರೆ ಹಾಕುವ ದಂಡ. ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಈ ದಂಡವನ್ನು 2020ರಲ್ಲೇ ತೆಗೆಯಿತು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ತೆಗೆಯಿತು, ಅದರ ನಂತರ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ತೆಗೆದವು. ಆದರೆ ಎಲ್ಲ ಬ್ಯಾಂಕುಗಳೂ ತೆಗೆದಿಲ್ಲ. ನಮ್ಮ ಸಂಘದ ಒಬ್ಬ ವಿಧವೆ ತಂಗಿ ಹಿಂದೆ ಯಾವುದೋ ಸಾಲಕ್ಕಾಗಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆದಿದ್ದಳು. ಸಾಲ ತೀರಿತು, ಖಾತೆ ಸೊನ್ನೆಗೆ ಬಂತು. ಎಷ್ಟೋ ದಿನದ ಮೇಲೆ ಆ ಖಾತೆಗೆ ಯಾರೋ ಕೊಡಬೇಕಿದ್ದ ಹಣ ಹಾಕಿಸಿಕೊಂಡಳು. ಹಣ ಬಿದ್ದ ದಿನವೇ ಅರ್ಧಕ್ಕಿಂತ ಜಾಸ್ತಿ ಹೋಯಿತು. ಹಳೆಯ ತಿಂಗಳುಗಳ ದಂಡವನ್ನೆಲ್ಲ ಕೂಡಿಸಿಟ್ಟುಕೊಂಡು, ಹಣ ಬಂದ ಕೂಡಲೇ ಎಳೆದುಕೊಂಡಿದ್ದರು.

ಕೌಂಟರಿನಲ್ಲಿ ಕೇಳಿದರೆ ‘ಸಿಸ್ಟಮ್ ತಾನೇ ಕಟ್ ಮಾಡತೈತ್ರಿ, ನಮ್ಮ ಕೈಯಾಗ ಏನಿಲ್ಲ’ ಎಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ್ದು ಅವನ ಮಟ್ಟಿಗೆ ನಿಜ. ಅದಕ್ಕೇ ಬಾಯಿಮಾತಿನಲ್ಲಿ ಕೇಳುವುದನ್ನು ಬಿಟ್ಟು ಕಾಗದ ಕೊಡಬೇಕು. ನಾವು ಮ್ಯಾನೇಜರ್ ಸಾಹೇಬರ ಹೆಸರಿಗೆ ಕನ್ನಡದಲ್ಲೇ ಹೀಗೆ ಬರೆದೆವು:

‘ನನ್ನ ಉಳಿತಾಯ ಖಾತೆಯಿಂದ ಈ ಕೆಳಗಿನ ತಾರೀಕುಗಳಂದು ಈ ಮೊತ್ತ ಕಡಿತವಾಗಿದೆ. ಇದು ಯಾವ ಶುಲ್ಕ? ಬ್ಯಾಲೆನ್ಸ್ ಕಡಿಮೆಯಾಗಿದೆ ಎಂದು ನನಗೆ ಯಾವ ದಿನ, ಯಾವ ರೀತಿ ತಿಳಿಸಿದ್ದೀರಿ? ಸರಿಪಡಿಸಲು ಒಂದು ತಿಂಗಳ ಸಮಯ ಕೊಟ್ಟಿದ್ದೀರಾ? ಖಾತೆ ಸೊನ್ನೆಯಲ್ಲಿದ್ದಾಗ ದಂಡ ಹಾಕಿದ್ದು ಯಾವ ನಿಯಮದ ಪ್ರಕಾರ? ಲಿಖಿತವಾಗಿ ತಿಳಿಸಬೇಕು, ನಿಯಮದಲ್ಲಿ ಇಲ್ಲದಿದ್ದರೆ ಹಣವನ್ನು ಖಾತೆಗೆ ವಾಪಸ್ ಜಮಾ ಮಾಡಬೇಕು.’

ಈ ಪ್ರಶ್ನೆಗಳು ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ ಸುತ್ತೋಲೆ ಇದೆ, 2015ರ ಏಪ್ರಿಲ್ 1ರಿಂದ ಜಾರಿ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಂತೆ ಇರಬೇಕು, ಎಲ್ಲರಿಗೂ ಒಂದೇ ಮೊತ್ತ ಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಬರೀ ಈ ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು.

ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೆವು. ಈ ಸೀಲಿನ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ‘ಇಟ್ಟು ಹೋಗ್ರಿ, ನೋಡ್ತೀವಿ’ ಎಂದರೆ ಅಲ್ಲೇ ಕುರ್ಚಿಯ ಮೇಲೆ ಕೂರುತ್ತೇವೆ. ಸೀಲು ಬಿದ್ದ ದಿನದಿಂದಲೇ ನಮ್ಮ ದೂರಿಗೆ ಜೀವ ಬರುವುದು. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಒಂದು ರೂಪಾಯಿ ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ.

ತಂಗಿಯ ವಿಷಯದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮ್ಯಾನೇಜರ್ ಕಡತ ತೆಗೆದು ನೋಡಿದರು. ಖಾತೆಯಲ್ಲಿದ್ದ ಮೊಬೈಲ್ ನಂಬರ್ ತೀರಿಹೋದ ಗಂಡನದು. ಮೆಸೇಜುಗಳು ಆ ನಂಬರಿಗೇ ಹೋಗಿದ್ದವು. ಸೊನ್ನೆ ಬ್ಯಾಲೆನ್ಸಿನ ತಿಂಗಳುಗಳ ದಂಡವನ್ನು ವಾಪಸ್ ಹಾಕಿದರು. ಎಟಿಎಂ ಕಾರ್ಡಿನ ವರ್ಷದ ಶುಲ್ಕ ವಾಪಸ್ ಕೊಡಲಿಲ್ಲ, ನಾವೂ ಅದನ್ನು ಕೇಳಲಿಲ್ಲ. ಕಾರ್ಡು ಅವಳು ತಗೊಂಡಿದ್ದಳು, ದರ ಅವರ ಪಟ್ಟಿಯಲ್ಲಿತ್ತು. ಮುಂದೆ ಬೇಡ ಅಂತ ಕಾರ್ಡನ್ನು ಬಂದ್ ಮಾಡಿಸಿದೆವು, ನಂಬರನ್ನೂ ಬದಲಿಸಿದೆವು.

ಅದೇ ದಿನ ಇನ್ನೊಂದು ಅರ್ಜಿ ಕೊಟ್ಟೆವು: ಈ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಿ ಅಂತ. ಜನಧನ್ ಖಾತೆಯೂ ಇದೇ ಜಾತಿಯದು. ಇದರಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ವರ್ಷದ ಶುಲ್ಕ ಇಲ್ಲ, ತಿಂಗಳಿಗೆ ಎಷ್ಟು ಸಲ ಹಣ ಹಾಕಿದರೂ ಕೇಳುವಂತಿಲ್ಲ, ಕನಿಷ್ಠ 4 ಸಲ ಉಚಿತವಾಗಿ ತೆಗೆಯಬಹುದು. ನಾಲ್ಕರ ಮೇಲೆ ಏನು ಲೆಕ್ಕ ಅಂತ ಮಾತ್ರ ಆಯಾ ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು. ಒಂದು ಷರತ್ತಿದೆ: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾದಲ್ಲಿ ಸೇರಿದ ಮೇಲೆ, ಎರಡೂ ಕಡೆ ಖಾತೆ ಇದ್ದವರಿಗೆ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಆದವು. ಅಂಥವರು ಒಂದನ್ನು ಮುಚ್ಚಬೇಕಾಗುತ್ತದೆ.

‘ಇಂಥ ಖಾತ್ಯಾಗ 50 ಸಾವಿರಕ್ಕಿಂತ ಜಾಸ್ತಿ ಇಡಾಕ ಬರಂಗಿಲ್ಲ’ ಎಂದು ಕೆಲವರು ಹೆದರಿಸುತ್ತಾರೆ. ಆ ಮಿತಿ ಇರುವುದು ಸರಿಯಾದ ದಾಖಲೆ ಕೊಡದೆ ತೆರೆದ ಸಣ್ಣ ಖಾತೆಗೆ. ಪೂರ್ತಿ ಕೆವೈಸಿ ಮಾಡಿಸಿದವರಿಗೆ ಅದು ಅನ್ವಯಿಸುವುದಿಲ್ಲ.

ಕಂತಿನ ದಂಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೈಕಿನ ಕಂತು ತಿಂಗಳ 5ಕ್ಕೆ ಕಟ್ ಆಗಬೇಕು, ಮಜೂರಿ ಬರುವುದು 7ಕ್ಕೆ. ಬ್ಯಾಂಕಿನವರದೊಂದು ದಂಡ, ಸಾಲ ಕೊಟ್ಟವರದೊಂದು ದಂಡ. ಸಾಲದವರಿಗೆ ಹೇಳಿ ಕಂತಿನ ತಾರೀಕು ಬದಲಿಸಿಕೊಂಡರೆ ಮುಗಿಯಿತು. ಅವರು ಒಪ್ಪದಿದ್ದರೆ ಹಿಂದಿನ ವಾರದ ಮಜೂರಿಯಲ್ಲೇ ಕಂತಿನ ಹಣ ತೆಗೆದಿಡಬೇಕು, ಬೇರೆ ದಾರಿ ಇಲ್ಲ.

ಇನ್ನು 20 ಮತ್ತು 436 ರೂಪಾಯಿ. ಪ್ರತಿ ವರ್ಷ ಮೇ ಕೊನೆಗೆ ಈ ಎರಡು ಅಂಕಿ ನೋಡಿ ಗಾಬರಿಯಾಗುವವರು ಬಹಳ. ಇವು ಬ್ಯಾಂಕಿನ ಶುಲ್ಕ ಅಲ್ಲ, ವಿಮೆಯ ಕಂತು. 20 ರೂಪಾಯಿಯದು ಅಪಘಾತಕ್ಕೆ, 436ರದು ಯಾವುದೇ ಕಾರಣದ ಸಾವಿಗೆ, ತಲಾ 2 ಲಕ್ಷ. 20 ರೂಪಾಯಿಯದನ್ನಂತೂ ಯಾರೂ ನಿಲ್ಲಿಸಬೇಡಿ ಅಂತ ಕೈ ಹಿಡಿದು ಹೇಳುತ್ತೇನೆ. ಮಗ್ಗದ ಮನೆಯಲ್ಲಿ ಕರೆಂಟಿನ ಜೊತೆಗೇ ಜೀವನ. 436 ಭಾರ ಅನಿಸಿದವರು ಮನೆಯಲ್ಲಿ ದುಡಿಯುವವರ ಹೆಸರಿನದನ್ನಾದರೂ ಉಳಿಸಿಕೊಳ್ಳಲಿ. ಇದು ನನ್ನ ಅಭಿಪ್ರಾಯ. ಎರಡೆರಡು ಬ್ಯಾಂಕಿನಲ್ಲಿ ಒಬ್ಬರದೇ ಹೆಸರಿಗೆ ಕಟ್ ಆಗುತ್ತಿದ್ದರೆ ಮಾತ್ರ ಒಂದನ್ನು ನಿಲ್ಲಿಸಿ, ಪರಿಹಾರ ಸಿಗುವುದು ಒಂದಕ್ಕೇ.

ಬ್ಯಾಂಕಿನ ಸಿಟ್ಟಿಗೆ ಎಲ್ಲ ಹಣವನ್ನೂ ಪತ್ತಿನ ಸಂಘಕ್ಕೆ ಹಾಕುವವರ ಬಗ್ಗೆ ನನಗೆ ಚಿಂತೆ ಇದೆ. ಅಲ್ಲಿ ಪ್ರೀತಿಯಿಂದ ಮಾತಾಡಿಸುತ್ತಾರೆ, ಮನೆಗೇ ಬರುತ್ತಾರೆ, ಎಸ್‌ಎಂಎಸ್ ಶುಲ್ಕ ಇಲ್ಲ. ಆದರೆ ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ವರ್ಷಕ್ಕೆ ಎಸ್‌ಎಂಎಸ್ ಶುಲ್ಕದ 70 ರೂಪಾಯಿ ಉಳಿಸಲು ಹೋಗಿ ಮಗಳ ಮದುವೆಯ ಹಣವನ್ನು ವಿಮೆ ಇಲ್ಲದ ಜಾಗದಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ಕೈಯಲ್ಲಿರುವುದು ಮರೆತುಹೋದ ಖಾತೆಗಳ ಕೆಲಸ. ಎರಡು ವರ್ಷಕ್ಕಿಂತ ಜಾಸ್ತಿ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಅಂಥ ಖಾತೆಗೆ ಕನಿಷ್ಠ ಬ್ಯಾಲೆನ್ಸಿನ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಈ ನಿಯಮ ಇದೆ. ಆಧಾರ್, ಪಾನ್, ಒಂದು ಫೋಟೊ ತಗೊಂಡು ಹೋಗಿ ಕೆವೈಸಿ ಮಾಡಿಸಿದರೆ ಸಾಕು. ನಾಲ್ಕು ಜನ ಹಿರಿಯರ ಹಳೆಯ ಪಾಸ್‌ಬುಕ್ ಟ್ರಂಕಿನಿಂದ ತೆಗೆಸಿದ್ದೇವೆ. ಇಬ್ಬರದು ಚಾಲೂ ಆಯಿತು. ಒಬ್ಬರ ಖಾತೆಗೆ ಶುಲ್ಕ ಕೇಳಿದ್ದಾರೆ, ಸೀಲು ಬಿದ್ದ ಅರ್ಜಿ ನನ್ನ ಫೈಲಿನಲ್ಲಿದೆ, 30 ದಿನ ಇನ್ನೂ ಆಗಿಲ್ಲ. ನಾಲ್ಕನೆಯವರ ಆಧಾರಿನಲ್ಲಿ ಹೆಸರೇ ಬೇರೆ ಇದೆ, ಮೊದಲು ಅದನ್ನು ತಿದ್ದಿಸಬೇಕು.