ಹಳ್ಳಿಯ ಡೈರಿಯನ್ನು ಕಾರ್ಯದರ್ಶಿ ಮುನ್ನಡೆಸುವ ಬಗೆ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಎಲ್ಲರೂ ಡೈರಿ ಎಂದೇ ಕರೆಯುತ್ತಾರೆ. ಕೊಳವೆಬಾವಿಗಳನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಹಾಲಿನ ಬಟವಾಡೆಯೇ ಆದ್ದರಿಂದ, ಕಾರ್ಯದರ್ಶಿಯಾಗುವವರು ಮೊದಲು ಈ ಹೊಣೆಯ ತೂಕವನ್ನು ಅರಿತಿರಬೇಕು.

ಹಾಲನ್ನು ಚೆನ್ನಾಗಿ ಕಲಕಿದ ಬಳಿಕವೇ ಪರೀಕ್ಷೆಗೆ ಮಾದರಿ ತೆಗೆಯಿರಿ. ಕೆನೆ ಮೇಲೆ ತೇಲುತ್ತಿರುವಾಗ ತೆಗೆದರೆ ಜಿಡ್ಡಿನಂಶದ ಲೆಕ್ಕ ತಪ್ಪುತ್ತದೆ. ಯಂತ್ರ ತೋರಿಸಿದ ಅಂಕಿಯನ್ನು ಹಾಲು ತಂದವರ ಎದುರಿಗೇ ಗಟ್ಟಿಯಾಗಿ ಓದಿ, ಅವರ ಪುಸ್ತಕದಲ್ಲಿ ಬರೆದುಕೊಡಿ. ಅಧ್ಯಕ್ಷರ ಮನೆಯ ಕ್ಯಾನಿಗೂ, ಒಂದೇ ಹಸು ಕಟ್ಟಿರುವ ಅಜ್ಜಿಯ ಚೊಂಬಿಗೂ ಇದೇ ಕ್ರಮವಿರಲಿ. ಸಂಘದ ಮೇಲಿನ ನಂಬಿಕೆ ಹುಟ್ಟುವುದು ಈ ಅರ್ಧ ನಿಮಿಷದಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಯಾರದಾದರೂ ಹಾಲಿನಲ್ಲಿ ಜಿಡ್ಡು ದಿಢೀರನೆ ಇಳಿದರೆ, ನೀರು ಬೆರೆಸಿದ್ದಾರೆಂದು ಸಾಲಿನಲ್ಲಿ ನಿಂತವರ ಮುಂದೆ ಆಡಿಬಿಡಬೇಡಿ. ಪಕ್ಕಕ್ಕೆ ಕರೆದು ಮೇವನ್ನು ವಿಚಾರಿಸಿ. ಎಳೆಯ ಹಸಿಮೇವನ್ನಷ್ಟೇ ಹಾಕುತ್ತಿದ್ದರೆ ನಾರಿನಂಶ ಸಾಲದೆ ಜಿಡ್ಡು ಇಳಿದಿರಬಹುದು, ಆಗ ರಾಗಿ ಹುಲ್ಲನ್ನೂ ಸೇರಿಸಲು ಹೇಳಿ. ಕೆಚ್ಚಲು ಬಾವಿನ ಅನುಮಾನವಿದ್ದರೆ ಪಶುವೈದ್ಯರನ್ನು ಕರೆಸಿ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿಯಲ್ಲಿ ನಡೆಯುವ ಇಂಥ ಸಂಘದಲ್ಲಿ ತೀರ್ಮಾನ ಚುನಾಯಿತ ಆಡಳಿತ ಮಂಡಳಿಯದು, ಅದನ್ನು ಜಾರಿಗೆ ತರುವುದು ನಿಮ್ಮ ಕೆಲಸ. ಆದ್ದರಿಂದ ಪ್ರತಿ ಸಭೆಯ ನಡಾವಳಿಯನ್ನು ಅಂದೇ ಬರೆದು ಸಹಿ ಮಾಡಿಸಿಕೊಳ್ಳಿ. ಬಟವಾಡೆ ತಡವಾಗುವಂತಿದ್ದರೆ ಕಾರಣವನ್ನೂ ಹೊಸ ದಿನಾಂಕವನ್ನೂ ಹಿಂದಿನ ದಿನವೇ ಡೈರಿಯ ಫಲಕದಲ್ಲಿ ಬರೆಯಿರಿ.