ಗ್ಲುಟೆನ್ ಬಿಟ್ಟ ಮೇಲೆ ಏರಿದ ತೂಕ ಇಳಿಸಿದ್ದು ಹೀಗೆ

ನನಗೆ ಸೀಲಿಯಾಕ್ ಕಾಯಿಲೆ ಇದೆ. ಅಂದರೆ ಕೆಲವು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುತ್ತದೆ. ಅದಕ್ಕೇ ಗ್ಲುಟೆನ್ ಇರುವ ಗೋಧಿ, ಬಾರ್ಲಿ, ರೈ (ಗೋಧಿಯಂಥದೇ ಧಾನ್ಯ) ಮೂರನ್ನೂ ಪೂರ್ತಿ ಬಿಟ್ಟೆ. ಹೊಟ್ಟೆ ಉಬ್ಬರ ಹೋಯಿತು, ಸುಸ್ತು ಕಡಿಮೆಯಾಯಿತು. ತೂಕ ಮಾತ್ರ ಏರುತ್ತಾ ಹೋಯಿತು.

ಇದು ಎಷ್ಟೋ ಜನರಿಗೆ ಆಗುತ್ತದೆ. ಗ್ಲುಟೆನ್‌ನಿಂದ ಸಣ್ಣ ಕರುಳಿನ ಒಳಪದರ ಹಾಳಾಗಿದ್ದಾಗ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಕರುಳು ಚೇತರಿಸಿಕೊಂಡ ಮೇಲೆ ಅಷ್ಟೇ ಊಟ ಚೆನ್ನಾಗಿ ಮೈಗೆ ಹತ್ತುತ್ತದೆ. ಅಂದರೆ ಒಳಗೆ ವಾಸಿಯಾಗುತ್ತಿದೆ ಎಂದರ್ಥ. ಅದನ್ನು ತಿಳಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ಇನ್ನೊಂದು ಕಾರಣ ಪ್ಯಾಕೆಟ್ ತಿಂಡಿ. ಹಿಟ್ಟಿಗೆ ಜಿಗುಟು ಕೊಡುವುದೇ ಗ್ಲುಟೆನ್. ಅದಿಲ್ಲದಿದ್ದರೆ ಬ್ರೆಡ್ ಪುಡಿಪುಡಿಯಾಗುತ್ತದೆ. ಆ ಕೊರತೆ ತುಂಬಲು ಪಿಷ್ಟ, ಎಣ್ಣೆ, ಸಕ್ಕರೆ ಜಾಸ್ತಿ ಹಾಕುವುದುಂಟು. ನಾರಿನಂಶವೂ ಸಾಮಾನ್ಯವಾಗಿ ಕಡಿಮೆ. ನಾನು ತಿನ್ನುತ್ತಿದ್ದ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿದೆ. ಮೊದಲು ಅಕ್ಕಿ ಹಿಟ್ಟು, ಎರಡನೆಯದೇ ಸಕ್ಕರೆ, ಆಮೇಲೆ ಎಣ್ಣೆ, ಮರಗೆಣಸಿನ ಪಿಷ್ಟ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯುತ್ತಾರೆ, ಅಲ್ವಾ? ಹೀಗಿರುವಾಗ ತೂಕ ಇಳಿಯುವುದು ಎಲ್ಲಿಂದ!

ದಿನಾ ತಿನ್ನುತ್ತಿದ್ದ ಆ ಬಿಸ್ಕತ್ತು, ಬ್ರೆಡ್ಡು ಅಪರೂಪಕ್ಕೊಮ್ಮೆ ಎಂದಾಯಿತು. ಮೊದಲಿನಿಂದಲೂ ಗ್ಲುಟೆನ್ ಇಲ್ಲದ ಪದಾರ್ಥಗಳ ಕಡೆ ತಿರುಗಿದೆ: ಅನ್ನ, ಬೇಳೆ, ಕಾಳು, ಮೊಟ್ಟೆ, ಮೊಸರು, ತರಕಾರಿ, ಹಣ್ಣು. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಉಳಿದ ಕಾಲು ಭಾಗಕ್ಕೆ ಅನ್ನ.

ನಿಜವಾಗಿ ಕೈಹಿಡಿದದ್ದು ಅಡುಗೆಮನೆಯ ಸಣ್ಣ ತಕ್ಕಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಬೆಂದ ಮೇಲೆ ಅದರ ತೂಕ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹಾಗಾಗಿ ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿದರೆ ಲೆಕ್ಕ ತಪ್ಪುವುದಿಲ್ಲ. ಎಣ್ಣೆಯನ್ನೂ ಅಳೆಯಲೇಬೇಕು. ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಬಾಣಲೆಗೆ ಸುಮ್ನೆ ಸುರಿದರೆ ಎಷ್ಟು ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ಜೊತೆಗೆ ನಡಿಗೆ ಇತ್ತು. ತೂಕ ನಿಧಾನವಾಗಿ ಇಳಿಯಿತು, ಹಸಿವೆಯಿಂದ ಒದ್ದಾಡಲಿಲ್ಲ.

ಬರೀ ತೂಕ ಇಳಿಸಲು ಗ್ಲುಟೆನ್ ಬಿಡುತ್ತೇನೆ ಅನ್ನುವವರಿಗೆ ಒಂದು ಮಾತು. ಸೀಲಿಯಾಕ್ ಇರಬಹುದು ಎಂಬ ಅನುಮಾನ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಗ್ಲುಟೆನ್ ಬಿಟ್ಟ ಮೇಲೆ ಆ ಪರೀಕ್ಷೆ ರಕ್ತದಲ್ಲಿ ಹುಡುಕುವ ಪ್ರತಿಕಾಯಗಳು (ಆಂಟಿಬಾಡಿ) ಇಳಿಯುತ್ತವೆ, ಕಾಯಿಲೆ ಇದ್ದರೂ ಇಲ್ಲ ಎಂದು ವರದಿ ಬರಬಹುದು. ಕಾಯಿಲೆ ಇರುವವರು ಊಟ ತೀರಾ ಕಡಿಮೆ ಮಾಡಬೇಡಿ. ದೇಹದಲ್ಲಿ ಕಬ್ಬಿಣ ಮತ್ತು ಫೋಲೇಟ್, ಬಿ12 ಜೀವಸತ್ವಗಳು ಮೊದಲೇ ಕಡಿಮೆ ಇರುವ ಸಾಧ್ಯತೆ ಉಂಟು. ಏನೂ ಮಾಡದೆ ತೂಕ ಇದ್ದಕ್ಕಿದ್ದಂತೆ ಇಳಿದರೆ ವೈದ್ಯರಿಗೆ ತೋರಿಸಿ, ಊಟದಲ್ಲಿ ಎಲ್ಲೋ ಗ್ಲುಟೆನ್ ಸೇರುತ್ತಿರಬಹುದು.